ಮಾವನ ಬಲಗಡೆಯ ಹೃದಯ

ಪುಸ್ತಕವನ್ನು ತಲೆಕೆಳಗಾಗಿ ಹಿಡಿದವನನ್ನು ಲೋಕ ದಡ್ಡ ಎನ್ನುತ್ತದೆ. ಆದರೆ ಆ ಭಾನುವಾರ ಮಧ್ಯಾಹ್ನ ನಮ್ಮ ಪಂಡಿತ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಅವನ ದುರದೃಷ್ಟಕ್ಕೆ, ನಮ್ಮ ಅದೃಷ್ಟಕ್ಕೆ, ಅವನು ಅದನ್ನು ನೆಟ್ಟಗೇ ಹಿಡಿದಿದ್ದ.

ಪಂಡಿತ ಎನ್ನುವುದು ಅವನಿಗೆ ಸೋದರಮಾವ ಇಟ್ಟ ಅಡ್ಡಹೆಸರು. ಮಾವನ ಮನೆಯಲ್ಲಿದ್ದುಕೊಂಡು ಅವನು ಫಿಸಿಯೋಥೆರಪಿ ಕಾಲೇಜಿನ ಮೊದಲನೇ ವರ್ಷದಲ್ಲಿ ಓದುತ್ತಿದ್ದ. ಓದುತ್ತಿದ್ದ ಎನ್ನುವುದಕ್ಕಿಂತ ಮೊದಲನೇ ವರ್ಷದಲ್ಲಿ ವಾಸವಾಗಿದ್ದ ಎಂದರೆ ಸರಿಯಾದೀತು. ಅಂಗರಚನೆ ಮತ್ತು ಶರೀರಕ್ರಿಯೆ ಎಂಬ ವಿಷಯ ಅವನನ್ನು ಮುಂದಕ್ಕೆ ಹೋಗಲು ಬಿಟ್ಟಿರಲಿಲ್ಲ. ಆ ವಿಷಯದ ಪುಸ್ತಕ ಬಲು ದಪ್ಪ. ಅದನ್ನು ಕಂಕುಳಲ್ಲಿಟ್ಟುಕೊಂಡು ಅವನು ಬೀದಿಯಲ್ಲಿ ಹೋಗುತ್ತಿದ್ದರೆ ನೋಡಿದವರು, "ಹುಡುಗ ಏನೋ ದೊಡ್ಡದೇ ಓದ್ತಿದಾನೆ" ಎಂದುಕೊಳ್ಳುತ್ತಿದ್ದರು. ಹಾಗೆಂದುಕೊಳ್ಳಲಿ ಎಂದೇ ಅವನು ಹೆಗಲಲ್ಲಿ ಚೀಲವಿದ್ದರೂ ಪುಸ್ತಕವನ್ನು ಅದಕ್ಕೆ ಹಾಕುತ್ತಿರಲಿಲ್ಲ.

ಬರೆಯುವ ಪರೀಕ್ಷೆಯನ್ನು ಅವನು ಹೇಗೋ ದಾಟಿದ್ದ. ಕಾಲೆಳೆಯುತ್ತಿದ್ದದ್ದು ಪ್ರಾಕ್ಟಿಕಲ್. ಅಲ್ಲಿ ಒಬ್ಬ ಜೀವಂತ ಮನುಷ್ಯನ ಶರಟು ಬಿಚ್ಚಿಸಿ ಮೇಜಿನ ಮೇಲೆ ಮಲಗಿಸುತ್ತಾರೆ. ಒಳಗೆ ಹೃದಯ ಎಲ್ಲಿದೆ, ಲಿವರ್ ಎಲ್ಲಿದೆ, ಜಠರ ಎಲ್ಲಿದೆ ಎಂದು ಹೊರಗಿನ ಚರ್ಮದ ಮೇಲೆ ಗೆರೆ ಎಳೆದು ತೋರಿಸಬೇಕು. ಕಳೆದ ಸಲ ಪಂಡಿತ ಕಿಡ್ನಿ ಬರೆದ ಜಾಗ ನೋಡಿ ಪರೀಕ್ಷಕರು, "ಅಪ್ಪಾ, ಅಲ್ಲಿ ಕಿಡ್ನಿ ಇದ್ರೆ ಈ ಮನುಷ್ಯ ಜನ್ಮದಲ್ಲಿ ಕುರ್ಚಿ ಮೇಲೆ ಕೂರೋ ಹಾಗಿಲ್ಲ" ಎಂದಿದ್ದರು. ಪಾಠ ಹೇಳುವ ಮೇಡಂ ಅವನನ್ನು ಕರೆದು, "ಇದೇ ಕೊನೇ ಸಲ. ಈ ಸಲಾನೂ ಡುಮ್ಕಿ ಹೊಡೆದ್ರೆ ಕಾಲೇಜಿನಿಂದ ಹೆಸರು ತೆಗೀತಾರೆ, ಆಮೇಲೆ ನನ್ನ ಹತ್ರ ಬಂದು ಅಳಬೇಡ" ಎಂದು ಖಡಾಖಂಡಿತವಾಗಿ ಹೇಳಿದ್ದರು. ಮಾವ ಒಂದು ಗೋದಾಮಿನಲ್ಲಿ ಗುಮಾಸ್ತರು. ಅವರು ಅಷ್ಟರಲ್ಲೇ ಅಲ್ಲಿ ಅವನಿಗೊಂದು ಕೆಲಸ ನೋಡಿಟ್ಟಿದ್ದರು.

"ಮೂಟೆ ಎಣಿಸೋ ಕೆಲಸ ಕಣೋ. ಮೂಟೆ ಒಳಗೆ ಏನೇನು ಎಲ್ಲೆಲ್ಲಿದೆ ಅಂತ ಅಲ್ಲಿ ಯಾರೂ ಕೇಳಲ್ಲ" ಎಂದು ಮಾವ ಪ್ರೀತಿಯಿಂದಲೇ ಹೇಳಿದ್ದರು.

ಆ ಪ್ರೀತಿಗೆ ಬೆದರಿಯೇ ಪಂಡಿತ ಅಭ್ಯಾಸಕ್ಕೆ ಕೂತದ್ದು. ಅಭ್ಯಾಸಕ್ಕೆ ಒಂದು ಮೈ ಬೇಕು. ಮನೆಯಲ್ಲಿ ಬಿಡುವಾಗಿದ್ದ ಮೈ ಎಂದರೆ ಊಟ ಮುಗಿಸಿ ಬನಿಯನ್ ಬಿಚ್ಚಿ ಮಂಚದ ಮೇಲೆ ಬಿದ್ದುಕೊಂಡಿದ್ದ ಮಾವನದೊಂದೇ.

"ಬರ್ಕೋ ಹೋಗು. ಕಚಗುಳಿ ಮಾತ್ರ ಇಡಬೇಡ" ಎಂದು ಮಾವ ವಿದ್ಯಾದಾನ ಮಾಡಿ ಕಣ್ಣು ಮುಚ್ಚಿದರು. ಒಂದೇ ಉಸಿರಿಗೆ ಗೊರಕೆಯೂ ಬಂತು.

ಮಂಚದ ಒಂದು ಪಕ್ಕಕ್ಕೆ ಗೋಡೆ, ಇನ್ನೊಂದು ಪಕ್ಕಕ್ಕೆ ಬೀರು, ಕಾಲಿನ ಕಡೆ ಅತ್ತೆಯ ಹೊಲಿಗೆ ಯಂತ್ರ. ಕೂರಲು ಜಾಗವಿದ್ದದ್ದು ತಲೆಯ ಕಡೆ ಮಾತ್ರ. ಪಂಡಿತ ಅಲ್ಲೇ ಒಂದು ಸ್ಟೂಲು ಹಾಕಿಕೊಂಡು, ಮಾವನ ನೆತ್ತಿಯ ಮೇಲಿಂದ ಬಗ್ಗಿ, ಹೊಟ್ಟೆಯ ಕಡೆ ನೋಡಿದ. ಆಗ ಪುಸ್ತಕದ ಚಿತ್ರಕ್ಕೂ ಮಾವನಿಗೂ ತಾಳೆಯಾಗಲಿಲ್ಲ. ಚಿತ್ರದಲ್ಲಿ ಕುತ್ತಿಗೆ ಮೇಲಿತ್ತು, ಇಲ್ಲಿ ಕೆಳಗಿತ್ತು. ಪುಸ್ತಕವನ್ನು ತಿರುಗಿಸಿ ತಲೆಕೆಳಗಾಗಿ ಹಿಡಿದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಬಾಗಿಲಲ್ಲಿ ಯಾರಾದರೂ ನೋಡಿದರೆ ಏನೆಂದುಕೊಂಡಾರು? ಪುಸ್ತಕವನ್ನು ಉಲ್ಟಾ ಹಿಡಿದು ಓದುವಷ್ಟು ಕೆಳಗಿಳಿದಿಲ್ಲ ತಾನು ಎಂದು ಪಂಡಿತ ಅದನ್ನು ನೆಟ್ಟಗೇ ಒರಗಿಸಿಟ್ಟ. ಕುತ್ತಿಗೆ ಈ ಕಡೆ, ಹೊಟ್ಟೆ ಆ ಕಡೆ ಎಂದು ಮನಸ್ಸಿನಲ್ಲೇ ತಿರುಗಿಸಿಕೊಂಡ. ಎಡ ಬಲವನ್ನೂ ತಿರುಗಿಸಬೇಕೆಂಬುದು ಅವನಿಗೆ ಹೊಳೆಯಲಿಲ್ಲ. ಪುಸ್ತಕದಲ್ಲಿ ಲಿವರ್ ಯಾವ ಕೈ ಕಡೆ ಇತ್ತೋ ಆ ಕೈ ಕಡೆಗೇ ಬರೆದ. ಹೃದಯ ಯಾವ ಕಡೆಗಿತ್ತೋ ಆ ಕಡೆಗೇ ಬರೆದ.

ಪೆನ್ಸಿಲು ಮಾವನ ಬೆವರಿಗೆ ಜಾರುತ್ತಿತ್ತು. ಕಿಟಕಿಯ ಮೇಲೆ ಮಾವ ಗೋದಾಮಿನಿಂದ ತಂದಿಟ್ಟಿದ್ದ ಕಪ್ಪು ಮಾರ್ಕರ್ ಕಾಣಿಸಿತು. ಮೂಟೆಗಳ ಮೇಲೆ ಗುರುತು ಹಾಕುವಂಥದ್ದು. ಮಳೆಗೂ ಬಿಸಿಲಿಗೂ ಜಗ್ಗುವುದಿಲ್ಲ ಎಂದು ಅದರ ಮೇಲೆಯೇ ಬರೆದಿತ್ತು. ಅದರಲ್ಲಿ ಎಳೆದ ಗೆರೆಗಳು ಬಲು ಸೊಗಸಾಗಿ ಬಂದವು. ಅತ್ತೆ ಕಾಫಿ ಲೋಟ ಹಿಡಿದು ಬಂದವರು ನೋಡಿ ನಿಂತರು.

"ಇದೇನೋ ಇದು? ಮನುಷ್ಯನ ಹೊಟ್ಟೆನೋ, ಬಸ್ಸು ಹೋಗೋ ದಾರಿನೋ?"

"ಸೋಪು ಹಾಕಿದ್ರೆ ಹೋಗತ್ತೆ ಅತ್ತೆ."

ಸೋಪು ಹೋಯಿತು. ಇಡೀ ಒಂದು ಸೋಪು ಕರಗಿ ಹೋಯಿತು. ಗೆರೆಗಳು ಮಾತ್ರ ಇದ್ದಲ್ಲೇ ಇದ್ದವು.

ಮರುದಿನ ಬೆಳಗ್ಗೆ ಗೋದಾಮಿನಲ್ಲಿ ನೌಕರರಿಗೆಲ್ಲ ಆರೋಗ್ಯ ತಪಾಸಣೆ ಇದ್ದದ್ದು ಮಾವನಿಗೆ ಮರೆತೇಹೋಗಿತ್ತು. ಅಲ್ಲಿಗೆ ಬರುತ್ತಿದ್ದ ಡಾಕ್ಟರು ವಯಸ್ಸಾದವರು. ಕಿವಿ ಮಂದ, ಕೈ ಚುರುಕು. ನಾಲಗೆ ತೋರಿಸು, ಉಸಿರು ಎಳಿ, ಮುಂದಿನವನು ಬಾ, ಅಷ್ಟೇ ಅವರ ತಪಾಸಣೆ. ಮಾವ ಶರಟು ಬಿಚ್ಚಿದಾಗ ಮೊದಲ ಬಾರಿಗೆ ಆ ಕೈ ನಿಂತಿತು.

"ಯಾರ್ರೀ ಇದನ್ನ ಬರೆದಿರೋದು?"

ಸಾಲಿನಲ್ಲಿ ಇಡೀ ಗೋದಾಮು ನಿಂತಿತ್ತು. ತಮ್ಮ ಅಳಿಯ ದೊಡ್ಡ ಡಾಕ್ಟರಾಗುತ್ತಿದ್ದಾನೆ ಎಂದು ಮಾವ ಅವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಈಗ ಪೇಚಾಟಕ್ಕಿಟ್ಟುಕೊಂಡಿತು. ಗಂಟಲು ಸರಿಮಾಡಿಕೊಂಡು ಹೇಳಿದರು: "ನಮ್ಮ ಅಳಿಯಂದಿರು ಸಾರ್. ಡಾಕ್ಟ್ರು. ಪರೀಕ್ಷೆ ಮಾಡಿ ಗುರುತು ಹಾಕಿದ್ದು."

"ಸ್ಕ್ಯಾನು ಗೀನು ಎಲ್ಲ ಆಗಿದೆಯಾ?"

"ಎಲ್ಲಾ ಆಗಿದೆ ಸಾರ್" ಎಂದರು ಮಾವ. ಸ್ಕ್ಯಾನು ಎಂದರೆ ಊಟವೋ ನಿದ್ದೆಯೋ ಎಂದು ಅವರಿಗೆ ಆ ಗಾಬರಿಯಲ್ಲಿ ಗೊತ್ತಾಗಲಿಲ್ಲ. ಎರಡೂ ಆಗಿತ್ತು.

ಡಾಕ್ಟರು ಸ್ಟೆತಸ್ಕೋಪನ್ನು ಗೆರೆಯೊಳಗೆ, ಅಂದರೆ ಮಾವನ ಎದೆಯ ಬಲಭಾಗದಲ್ಲಿ ಇಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದರು. ಪಕ್ಕದ ಮನೆಯ ಮಾತು ಗೋಡೆಯ ಈಚೆಗೂ ಸಣ್ಣಗೆ ಕೇಳಿಸುತ್ತದಲ್ಲ, ಹಾಗೆ ಏನೋ ಒಂದು ಕೇಳಿಸಿತು. ಮಂದ ಕಿವಿಯವರಿಗೆ ಅಷ್ಟು ಕೇಳಿಸಿದರೆ ಧಾರಾಳವಾಯಿತು.

"ಅದ್ಭುತ! ಹೃದಯ ಬಲಗಡೆ! ಲಿವರ್ ಎಡಗಡೆ! ಎಲ್ಲ ಅದಲು ಬದಲು! ಹತ್ತು ಸಾವಿರದಲ್ಲಿ ಒಬ್ಬರಿಗೆ ಹೀಗಿರತ್ತೆ ಕಣ್ರೀ. ನಾನು ಓದಿದ್ದೆ, ನೋಡಿರಲಿಲ್ಲ. ಇಷ್ಟು ವಯಸ್ಸಾದ ಮೇಲೆ ನೋಡೋ ಯೋಗ ಬಂತು" ಎಂದು ಅವರು ಎದ್ದು ನಿಂತು ಮಾವನ ಕೈ ಕುಲುಕಿದರು.

ಎಡಗಡೆ ಏನಿದೆ ಎಂದು ಅವರು ನೋಡಲಿಲ್ಲ. ಖಾಲಿ ಮನೆ ಎಂದು ಗೊತ್ತಾದ ಮೇಲೆ ಬಾಗಿಲು ತಟ್ಟುವವರು ಯಾರು?

ಇಲ್ಲಿ ಮಾವನ ಬಗ್ಗೆ ಒಂದು ಮಾತು ಹೇಳಬೇಕು. ಅವರು ಯಾರ ಕಣ್ಣಿಗೂ ಬೀಳದ ಮನುಷ್ಯ. ಗೋದಾಮಿನ ವಾರ್ಷಿಕ ಫೋಟೋದಲ್ಲಿ ಅವರು ಪ್ರತಿವರ್ಷವೂ ಇದ್ದಾರೆ, ಪ್ರತಿವರ್ಷವೂ ಯಾರದೋ ಕಿವಿಯ ಹಿಂದೆ ಇದ್ದಾರೆ. ಹಳೆಯ ಮ್ಯಾನೇಜರು ನಿವೃತ್ತರಾದಾಗ ಕಾವಲುಗಾರನಿಂದ ಹಿಡಿದು ಎಲ್ಲರ ಹೆಸರು ಹೇಳಿ ಕೃತಜ್ಞತೆ ಅರ್ಪಿಸಿ, ಮಾವನ ಹತ್ತಿರ ಬಂದಾಗ "ಮತ್ತು ಇತರರು" ಎಂದಿದ್ದರು. ಮನೆಯಲ್ಲೂ ಅಷ್ಟೇ. ಸಂಜೆ ಬಂದು ಪೇಪರು ಬಿಡಿಸಿ ಅದರ ಹಿಂದೆ ಕೂತರೆ ಮನೆಯಲ್ಲಿ ಒಬ್ಬರಿದ್ದಾರೆಂಬುದು ಪುಟ ತಿರುಗಿಸಿದಾಗ ಮಾತ್ರ ತಿಳಿಯುತ್ತಿತ್ತು.

ಅಂಥವರು ಆ ಸಂಜೆ ಮ್ಯಾನೇಜರ ಕಾರಿನಲ್ಲಿ ಮನೆಗೆ ಬಂದಿಳಿದರು.

"ಹುಷಾರಾಗಿ ನೋಡ್ಕೊಳ್ಳಿ ಅಮ್ಮಾ, ಇವರು ನಮ್ಮ ಸಂಸ್ಥೆಯ ಆಸ್ತಿ" ಎಂದು ಮ್ಯಾನೇಜರು ಅತ್ತೆಗೆ ಒಪ್ಪಿಸಿ ಹೋದರು. ಮಾವ ಕುರ್ಚಿಯಲ್ಲಿ ಕೂತು ಇಡೀ ಕಥೆ ಹೇಳಿದರು. ಪಂಡಿತನಿಗೆ ಮೊದಲು ತಲೆ ಚಿಟ್ಟು ಹಿಡಿಯಿತು. ಹೃದಯ ಎಡಗಡೆ ಇರುತ್ತದೆ ಎಂಬಷ್ಟು ಅವನಿಗೂ ಗೊತ್ತಿತ್ತು. ತಾನು ಬರೆದದ್ದು ಬಲಗಡೆಗೆ ಹೇಗೆ ಬಂತು? ಆದರೆ ಬಿಳಿ ಕೂದಲಿನ ಡಾಕ್ಟರೇ ಒಪ್ಪಿದ ಮೇಲೆ ಅನುಮಾನ ಪಡಲು ತಾನು ಯಾರು?

"ಅಲ್ವೋ, ಡಾಕ್ಟ್ರಿಗೂ ಗೊತ್ತಾಗದ್ದು ನಿಂಗೆ ಹೇಗೋ ಗೊತ್ತಾಯ್ತು?" ಎಂದು ಮಾವ ಬೆರಗಿನಿಂದ ಕೇಳಿದರು.

ಪಂಡಿತನಿಗೆ ಸತ್ಯ ಹೇಳಲು ಅದು ಒಳ್ಳೆಯ ಸಮಯವಾಗಿತ್ತು. "ಕೈ ಇಟ್ಟು ನೋಡ್ದೆ ಮಾವ. ಕೈಗೆ ಗೊತ್ತಾಗತ್ತೆ" ಎಂದುಬಿಟ್ಟ.

ಅಲ್ಲಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಬೀದಿಯಲ್ಲಿ ನಡೆದ ಯಾವ ಸಂಗತಿಯೂ ತಮ್ಮ ಸಮ್ಮತಿಯಿಲ್ಲದೆ ನಡೆದದ್ದಲ್ಲ ಎಂಬ ಭಾವನೆ ಅವರದು. ಮಾವನ ಎದೆಯ ಬಲಭಾಗಕ್ಕೆ ಅಂಗೈ ಇಟ್ಟು, ಚಾವಣಿ ನೋಡುತ್ತ ನಿಂತು, "ಹೂಂ. ಇದೆ. ಚೆನ್ನಾಗೇ ಬಡ್ಕೊಳ್ತಾ ಇದೆ. ನಂಗೆ ಮುಂಚಿನಿಂದ್ಲೂ ಇವರ ಮೇಲೆ ಅನುಮಾನ ಇತ್ತು" ಎಂದು ಪ್ರಮಾಣಪತ್ರ ಕೊಟ್ಟರು. ಆಮೇಲೆ ಬೀದಿಗೆ ಬೀದಿಯೇ ಬಂತು. ಬಂದವರೆಲ್ಲ ಕೈಯಿಟ್ಟರು, ಕೈಯಿಟ್ಟವರಿಗೆಲ್ಲ ಬಡಿತ ಸಿಕ್ಕಿತು. ಇಷ್ಟು ಜನರ ಮುಂದೆ ನನಗೆ ಸಿಗಲಿಲ್ಲ ಎನ್ನುವ ಎದೆಗಾರಿಕೆ ಯಾರಿಗಿರುತ್ತದೆ?

ನೆಂಟರೂ ಬಂದರು. ದೂರದ ಚಿಕ್ಕಪ್ಪನೊಬ್ಬ ಬಂದು, "ಇದು ನಮ್ಮ ವಂಶದಲ್ಲೇ ಇದೆ, ನಮ್ಮಜ್ಜನಿಗೂ ಹೀಗೇ ಇತ್ತು" ಎಂದು ಹಕ್ಕು ಸಾಧಿಸಿದ. ಅತ್ತೆಯ ತಂಗಿ ಬಂದವಳು, "ಅಕ್ಕಾ, ಮದುವೆಗೆ ಮುಂಚೆ ಇದನ್ನ ಹೇಳ್ದೆ ಮುಚ್ಚಿಟ್ಟರಲ್ಲ!" ಎಂದು ಕಣ್ಣೊರೆಸಿಕೊಂಡಳು.

ಎಲ್ಲರೂ ಅತ್ತೆ ಏನನ್ನುತ್ತಾರೋ ಎಂದು ಕಾದಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಈಗ ಗೊತ್ತಾಯ್ತು ಬಿಡು. ಬಾ ಅಂದ್ರೆ ಹೋಗ್ತಾರೆ, ಹೋಗಿ ಅಂದ್ರೆ ಕೂತ್ಕೊಳ್ತಾರೆ, ಸಕ್ಕರೆ ತನ್ನಿ ಅಂದ್ರೆ ಉಪ್ಪು ತರ್ತಾರೆ. ನಾನು ಸುಮ್ನೆ ಇಷ್ಟು ವರ್ಷ ಬೈದೆ. ಒಳಗೇ ಉಲ್ಟಾ ಇದ್ರೆ ಪಾಪ, ಅವರಾದ್ರೂ ಏನು ಮಾಡ್ತಾರೆ?"

ಹೀಗೆ ಮಾವನ ಅಷ್ಟೂ ವರ್ಷಗಳ ತಪ್ಪುಗಳನ್ನು ಅತ್ತೆ ಒಂದೇ ಏಟಿಗೆ ಹೊಟ್ಟೆಗೆ ಹಾಕಿಕೊಂಡರು. ಅಷ್ಟೇ ಅಲ್ಲ, ಶರಟಿನ ಜೇಬು ಹೃದಯದ ಕಡೆಗೇ ಇರಬೇಕೆಂದು ಮಾವ ಹಟ ಹಿಡಿದಾಗ ಎಲ್ಲ ಶರಟುಗಳ ಜೇಬನ್ನೂ ಬಿಚ್ಚಿ ಬಲಗಡೆಗೆ ಹೊಲಿದುಕೊಟ್ಟರು. ಸಂಜೆ ಪೇಪರು ಮಡಿಸಿದಂತೆಯೇ ಇರತೊಡಗಿತು. ಯಾರು ಬಂದರು, ಯಾರು ಎಷ್ಟು ಬೆರಗಾದರು ಎಂದು ಗಂಡ ಹೆಂಡತಿ ಹರಟುತ್ತ ಕೂರುವುದನ್ನು ಪಂಡಿತ ಜೀವಮಾನದಲ್ಲಿ ಮೊದಲ ಸಲ ಕಂಡ.

ಅವನಿಗೂ ಪಾಲು ಬಂತು. ಬೀದಿಯವರು ಅವನ ಮುಂದೆ ಕೈ ಚಾಚಿ, ಹೊಟ್ಟೆ ಚಾಚಿ, "ಸ್ವಲ್ಪ ಕೈ ಇಟ್ಟು ನೋಡಪ್ಪಾ, ನಂದೂ ಏನಾದ್ರೂ ಅದಲು ಬದಲಾಗಿದೆಯಾ?" ಎಂದು ಕೇಳಿದರು. ಅವನು ಗಂಭೀರವಾಗಿ ಮುಟ್ಟಿ ನೋಡಿ, "ಸದ್ಯಕ್ಕೇನಿಲ್ಲ" ಎನ್ನುತ್ತಿದ್ದ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಕಾಲೇಜಿನಲ್ಲಿ. ಪರೀಕ್ಷೆಗೆ ಮುಂಚೆ ಮೇಡಂ ಪ್ಲಾಸ್ಟಿಕ್ಕಿನ ಬೊಂಬೆಯೊಂದನ್ನು ಮೇಜಿನ ಮೇಲೆ ಮಲಗಿಸಿ, ಹೊಟ್ಟೆಯ ಮುಚ್ಚಳ ತೆಗೆದು, ಒಳಗಿನದನ್ನೆಲ್ಲ ಹೊರಗಿಟ್ಟು, "ಜೋಡಿಸು" ಎಂದರು. ಪಂಡಿತ ಈಗ ಹೆಸರಾಂತ ಮನುಷ್ಯ. ಬೊಂಬೆಯ ತಲೆಯ ಕಡೆ ಠೀವಿಯಿಂದ ನಿಂತು, ಪುಸ್ತಕ ನೆಟ್ಟಗಿಟ್ಟುಕೊಂಡು, ಹೃದಯವನ್ನೆತ್ತಿ ಇಟ್ಟ. ಕೂರಲಿಲ್ಲ. ಒತ್ತಿದ. ಕೂರಲಿಲ್ಲ. ಲಿವರ್ ಎತ್ತಿ ಗುದ್ದಿದ.

"ಲೋ, ಲೋ, ಒಡೆದುಹಾಕ್ತೀಯ!" ಎಂದು ಮೇಡಂ ಓಡಿ ಬಂದರು. "ಪುಸ್ತಕದ ಚಿತ್ರ ನಿನ್ನ ಎದುರಿಗೆ ನಿಂತಿರೋ ಮನುಷ್ಯಂದು. ಈ ಕಡೆ ಬಾ, ಕಾಲಿನ ಕಡೆ. ಈಗ ನೋಡು, ಸರಿ ಹೋಯ್ತಾ? ತಲೆ ಕಡೆ ನಿಂತ್ಕೊಂಡು ಹಾಗೇ ಬರೆದ್ರೆ ಎಡದ್ದೆಲ್ಲ ಬಲಕ್ಕೆ, ಬಲದ್ದೆಲ್ಲ ಎಡಕ್ಕೆ ಹೋಗತ್ತೆ. ಇಷ್ಟೂ ಗೊತ್ತಿಲ್ವಾ?"

ಪಂಡಿತನ ಎದೆ ಧಸಕ್ಕೆಂದಿತು. ಧಸಕ್ಕೆಂದದ್ದು ಎಡಗಡೆಯಲ್ಲಿ.

ಇವತ್ತೇ ಮಾವನಿಗೆ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಅವನು ಮನೆಗೆ ಬಂದ. ಹಜಾರದಲ್ಲಿ ಗೋದಾಮಿನ ಡಾಕ್ಟರೇ ಕೂತಿದ್ದರು.

"ಬಾರಯ್ಯ ಬಾ! ನೀನಿನ್ನೂ ಓದ್ತಾ ಇದೀಯ ಅಂತ ಗೊತ್ತಾಗಿ ನಿಮ್ಮ ಮೇಡಂಗೆ ಫೋನ್ ಮಾಡಿದ್ದೆ. ಇಂಥ ಕೇಸು ಹುಡುಗ್ರಿಗೆ ಎಲ್ಲಿ ಸಿಗತ್ತೆ? ಈ ಸಲದ ಪ್ರಾಕ್ಟಿಕಲ್‌ಗೆ ಮೇಜಿನ ಮೇಲೆ ಮಲಗೋರು ನಿಮ್ಮ ಮಾವನೇ!"

ಪಂಡಿತ ನಮಸ್ಕಾರ ಹಾಕಿ ಮೂಲೆಗೆ ಹೋಗಿ ನಿಂತ. ಡಾಕ್ಟರು ಹೋದ ಮೇಲೆ ಅವನು ಮಾವನ ಹಿಂದೆ ಹಿತ್ತಲಿಗೆ ಹೋದ. ಮಾವ ಶರಟಿಗೆ ಇಸ್ತ್ರಿ ಹಾಕುತ್ತಿದ್ದರು.

"ಮಾವ, ಒಂದು ವಿಷಯ..."

"ನಾನೇ ಹೇಳ್ಬೇಕು ಅಂತಿದ್ದೆ ಕಣೋ" ಎಂದರು ಮಾವ. ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟರು. "ನೀನು ನಂಗೆ ಎಂಥ ಉಪಕಾರ ಮಾಡಿದೀಯ ಗೊತ್ತಾ? ಮ್ಯಾನೇಜರು ಇವತ್ತು ನನ್ನ ಹೆಸರು ಹಿಡಿದು ಕರೆದ್ರು. ಯಾರನ್ನೂ ಕೇಳ್ಕೊಳ್ಳದೇ ಕರೆದ್ರು. ನಿಮ್ಮತ್ತೆ ನನ್ನ ಜೊತೆ ನಗ್ತಾಳೆ. ಇಷ್ಟು ವಯಸ್ಸಾಗಿತ್ತು, ನನ್ನಲ್ಲಿ ಏನೂ ಇಲ್ಲ ಅಂದ್ಕೊಂಡಿದ್ದೆ. ಇತ್ತು ನೋಡು, ಒಳಗೆ ಇತ್ತು. ಹೂಂ, ನೀನೇನೋ ಹೇಳ್ತಿದ್ದೆ?"

"ಏನಿಲ್ಲ ಮಾವ. ಶರಟು ಚೆನ್ನಾಗಿದೆ ಅಂತ."

ಪಂಡಿತನಿಗೆ ಅಳು ಬರುವಂತಾಯಿತು. ಓದಲು ಜಾಗ ಕೊಟ್ಟ ಮಾವ, ಬರೆಯಲು ಹೊಟ್ಟೆ ಕೊಟ್ಟ ಮಾವ. ಅವನಿಗೆ ಅವರ ಮೇಲೆ ಬಹಳ ಪ್ರೀತಿಯಿತ್ತು. ಆ ಪ್ರೀತಿ ಇಂಥ ಇಕ್ಕಟ್ಟಿಗೆ ತಂದು ನಿಲ್ಲಿಸುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ. ಪರೀಕ್ಷೆಯಲ್ಲಿ ಹೃದಯವನ್ನು ಎಡಕ್ಕೆ ಬರೆದರೆ ತಾನು ಪಾಸು, ಮಾವ ಮತ್ತೆ ಇತರರು. ಬಲಕ್ಕೆ ಬರೆದರೆ ಪರೀಕ್ಷಕರು ತನ್ನನ್ನು ದಡ್ಡನೆಂದು ಫೇಲು ಮಾಡಿ ಸುಮ್ಮನಾಗುತ್ತಾರೆ; ಮಾವ ಆಸ್ತಿ, ತಾನು ಮೂಟೆ ಎಣಿಸಲು ಗೋದಾಮು. ಅವನು ಯೋಚಿಸಿ ಯೋಚಿಸಿ, ಕೊನೆಗೆ ಮೂಟೆಗಳಿಗೆ ಮನಸ್ಸು ಗಟ್ಟಿಮಾಡಿಕೊಂಡ.

ಪರೀಕ್ಷೆಯ ದಿನದ ಹೊತ್ತಿಗೆ ಮಾವನ ಮೈಮೇಲಿನ ಮಾರ್ಕರ್ ಗೆರೆಗಳು ಮಾಸಿಹೋಗಿದ್ದವು. ಅಂದು ಹೊರಗಿನ ಕಾಲೇಜಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಒಣಕಲು ಮನುಷ್ಯ, ಹುಬ್ಬು ದಪ್ಪ. ಮೇಡಂ ಅವರಿಗೆ, "ಸಾರ್, ಇವತ್ತಿನ ಕೇಸು ಬಹಳ ವಿಶೇಷ" ಎಂದು ಶುರುಮಾಡಿದರೆ, "ನೀವು ಹೇಳ್ಬೇಡಿ, ನಾನೇ ನೋಡ್ಕೊಳ್ತೀನಿ" ಎಂದು ಕೈ ಅಡ್ಡ ಹಿಡಿದರು. ಒಳಗೆ ಹೋಗಿ ಮಾವನ ಎದೆಗೆ ಸ್ಟೆತಸ್ಕೋಪ್ ಇಟ್ಟರು, ಹೊಟ್ಟೆ ತಟ್ಟಿದರು, ಏನೂ ಹೇಳದೆ ಕುರ್ಚಿಯಲ್ಲಿ ಕೂತರು. ವಿಶೇಷ ಎಲ್ಲಿದೆ ಎಂದು ಅವರಿಗೆ ತಿಳಿಯಲಿಲ್ಲ. ಕೇಳುವುದು ಅವರ ಘನತೆಗೆ ಒಪ್ಪುವಂಥದ್ದಲ್ಲ.

ಇತ್ತ ಮಾವ ಒಳಗೆ ಹೋಗುವುದಕ್ಕೆ ಮುಂಚೆ ಒಂದು ದೊಡ್ಡ ಕೆಲಸ ಮಾಡಿ ಮುಗಿಸಿದ್ದರು. ಕಾರಿಡಾರಿನ ಬೆಂಚಿನ ಮೇಲೆ ಕೂತು, ಎದುರಿಗೆ ಬಂದ ವಿದ್ಯಾರ್ಥಿಗಳಿಗೆಲ್ಲ, "ಮಗಾ, ಬಲಗಡೆ ಬರಿ, ಪಾಸಾಗ್ತೀಯ. ನಂದು ಹತ್ತು ಸಾವಿರದಲ್ಲಿ ಒಂದು" ಎಂದು ಧಾರಾಳವಾಗಿ ಉತ್ತರ ಹಂಚಿದ್ದರು. ಮಕ್ಕಳು ಉದ್ಧಾರವಾಗಲಿ ಎಂಬುದೊಂದೇ ಅವರ ಮನಸ್ಸಿನಲ್ಲಿದ್ದದ್ದು.

ಮೊದಲನೇ ಹುಡುಗಿ ಹೋಗಿ ಹೃದಯವನ್ನು ಬಲಕ್ಕೆ ಬರೆದಳು. ಪರೀಕ್ಷಕರ ಹುಬ್ಬು ಮೇಲೇರಿತು. "ಸದ್ದು ಕೇಳಿ ನೋಡಿದೆಯಾಮ್ಮಾ?"

"ಕೇಳಿದೆ ಸಾರ್. ತುಂಬಾ ಸ್ಪಷ್ಟವಾಗಿದೆ ಸಾರ್."

ಅದನ್ನು ಒರೆಸಿದ ಮೇಲೆ ಎರಡನೆಯವನೂ ಬಲಕ್ಕೆ ಬರೆದ. ಮೂರನೆಯವನೂ ಬಲಕ್ಕೇ. ಪ್ರತಿಯೊಬ್ಬರಿಗೂ ಸದ್ದು ಸ್ಪಷ್ಟವಾಗಿ ಕೇಳಿಸಿತು. ಮೇಡಂ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ತಲೆಯಾಡಿಸುತ್ತಿದ್ದರು. ಮಾವ ಮಲಗಿದಲ್ಲಿಂದಲೇ ಬರೆದವರಿಗೆಲ್ಲ ಕಣ್ಣು ಮಿಟುಕಿಸಿ ಶಭಾಷ್‌ಗಿರಿ ಕೊಡುತ್ತಿದ್ದರು. ಪರೀಕ್ಷಕರು ಮೊದಲು ಕೆಂಪಗಾದರು, ಆಮೇಲೆ ಬೆಳ್ಳಗಾದರು, ಆಮೇಲೆ ನೀರು ತರಿಸಿಕೊಂಡು ಕುಡಿದರು. ಈ ಕಾಲೇಜಿನಲ್ಲಿ ತಲೆಮಾರುಗಳಿಂದ ಇದನ್ನೇ ಕಲಿಸುತ್ತ ಬಂದಿದ್ದಾರೋ ಎಂದು ಅವರಿಗೆ ದಿಗಿಲಾಗತೊಡಗಿತು.

ಕೊನೆಗೆ ಪಂಡಿತನ ಸರದಿ ಬಂತು.

ಅವನಿಗೆ ಎಡ ಯಾವುದು, ಬಲ ಯಾವುದು ಎಂದು ಯೋಚಿಸುವ ಶಕ್ತಿ ಉಳಿದಿರಲಿಲ್ಲ. ಯೋಚಿಸುವುದೇ ಬೇಡ ಎಂದುಕೊಂಡ. ಆ ಭಾನುವಾರ ಮಂಚದ ಹತ್ತಿರ ಕೈ ಹೇಗೆ ಆಡಿತ್ತೋ ಹಾಗೆಯೇ ಆಡಿಸಿಬಿಟ್ಟರೆ ಸಾಕು, ತಾನಾಗಿ ಉಲ್ಟಾ ಬರುತ್ತದೆ. ಲಿವರ್ ಈ ಕೈ ಕಡೆ, ಹೃದಯ ಆ ಕೈ ಕಡೆ. ಮೇಜಿನ ತಲೆಯ ಕಡೆ ಪರೀಕ್ಷಕರ ಕುರ್ಚಿಯಿತ್ತು. ಹೀಗಾಗಿ ಅವನು ಕಾಲಿನ ಕಡೆ ಬಂದು ನಿಂತು ಬಗ್ಗಿದ.

"ಬಲಗಡೆ ಕಣೋ, ಬಲಗಡೆ" ಎಂದು ಮಾವ ಪಿಸುಗುಟ್ಟಿದರು.

"ಗೊತ್ತು ಮಾವ" ಎಂದು ಪಂಡಿತ ಪಿಸುಗುಟ್ಟಿ, ಕಣ್ಣು ಅರ್ಧ ಮುಚ್ಚಿ, ಗೋದಾಮಿನ ಮೂಟೆಗಳನ್ನು ನೆನೆಯುತ್ತ, ಸರಸರನೆ ಬರೆದು ಪೆನ್ಸಿಲ್ ಕೆಳಗಿಟ್ಟ.

ಪರೀಕ್ಷಕರು ಎದ್ದು ಬಂದು ನೋಡಿದರು. ಮತ್ತೆ ನೋಡಿದರು. ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಭೇಷ್! ಬೆಳಗ್ಗಿಂದ ಹೃದಯ ಇರೋ ಕಡೆ ಹೃದಯ ಬರೆದೋನು ನೀನೊಬ್ಬನೇ ಕಣಯ್ಯಾ! ಲಿವರ್ ಸರಿ, ಜಠರ ಸರಿ, ಎಲ್ಲ ಸರಿ! ಪಾಸು, ಹೋಗು!"

ಪಂಡಿತ ಬಗ್ಗಿ ನೋಡಿದ. ಹೃದಯ ಮಾವನ ಎಡಗಡೆ ಬಂದು ಕೂತಿತ್ತು. ಅವತ್ತು ತಲೆಯ ಕಡೆ ಕೂತು ಬರೆದಿದ್ದ, ಇವತ್ತು ಕಾಲಿನ ಕಡೆ ನಿಂತು ಬರೆದಿದ್ದ. ಬೇಕೆಂದೇ ತಪ್ಪು ಮಾಡಲು ಹೋದರೂ ಅವನ ಕೈಗೆ ಅದು ಸಾಧ್ಯವಾಗಲಿಲ್ಲ.

ಮಾವ ಕತ್ತೆತ್ತಿ ನೋಡಿಕೊಂಡು ಹೌಹಾರಿದರು. "ಅಯ್ಯೋ, ಎಡಕ್ಕೆ ಹಾಕಿದೀಯಲ್ಲೋ! ಸಾರ್, ಹುಡುಗ ಗಾಬರಿಯಾಗಿದಾನೆ, ಇನ್ನೊಂದು ಅವಕಾಶ ಕೊಡಿ ಸಾರ್. ಅಳಿಸೋ, ಬೇಗ ಅಳಿಸೋ!"

"ಏನ್ರೀ ಅಳಿಸೋದು? ಸರಿಯಾಗಿದೆ."

"ಇಲ್ಲ ಸಾರ್, ನಿಮಗೆ ಗೊತ್ತಿಲ್ಲ. ನಂದು ಬಲಗಡೆ. ದೊಡ್ಡ ಡಾಕ್ಟ್ರು ಹೇಳಿದಾರೆ. ಮ್ಯಾನೇಜರಿಗೂ ಗೊತ್ತು."

ಪರೀಕ್ಷಕರು ಮಾತು ಬೆಳೆಸಲಿಲ್ಲ. ತಮ್ಮ ಸ್ಟೆತಸ್ಕೋಪನ್ನು ತೆಗೆದು ಮಾವನ ಕಿವಿಗೇ ಸಿಕ್ಕಿಸಿದರು. ಇನ್ನೊಂದು ತುದಿಯನ್ನು ಬಲಗಡೆ ಇಟ್ಟರು. ಆಮೇಲೆ ಎಡಗಡೆ ಇಟ್ಟರು.

ಮಾವ ಬಹಳ ಹೊತ್ತು ಕೇಳಿದರು.

"ಯಾರದು ಸಾರ್ ಇದು, ಇಷ್ಟು ಜೋರಾಗಿ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ನಿಮ್ಮದೇ. ಎಲ್ಲ ಎಲ್ಲೆಲ್ಲಿರಬೇಕೋ ಅಲ್ಲಲ್ಲೇ ಇದೆ. ಇಷ್ಟು ಸಾಧಾರಣವಾದ ದೇಹ ನಾನು ನೋಡೇ ಇಲ್ಲ" ಎಂದು ಪರೀಕ್ಷಕರು ಹೊಗಳಿದರು. ಬಾಗಿಲಲ್ಲಿದ್ದ ಮೇಡಂ ಸದ್ದಿಲ್ಲದೆ ಹಿಂದಕ್ಕೆ ಸರಿದು ಮಾಯವಾದರು.

ಮನೆಗೆ ಹೋಗುವ ದಾರಿಯಲ್ಲಿ ಪಂಡಿತ ಎಲ್ಲವನ್ನೂ ಹೇಳಿಬಿಟ್ಟ: ಸ್ಟೂಲು, ನೆಟ್ಟಗಿದ್ದ ಪುಸ್ತಕ, ಕೈಯಿಟ್ಟು ನೋಡಿದೆ ಎಂದ ಸುಳ್ಳು, ಮೂಟೆಗೆ ಮನಸ್ಸು ಮಾಡಿದ್ದು. ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀನು ಪಾಸಾದ್ಯಲ್ಲ, ಅಷ್ಟು ಸಾಕು" ಎಂದರು. ಮನೆಯ ತಿರುವು ಬಂದಾಗ ನಿಂತರು. "ಬೀದಿಯೋರು ನಕ್ಕರೆ ನಗಲಿ ಕಣೋ. ಗೋದಾಮಿನಲ್ಲಿ ಮತ್ತೆ ಮೂಲೆಗೆ ಕೂರಿಸ್ತಾರೆ, ಕೂರಿಸ್ಲಿ. ನಿಮ್ಮತ್ತೆಗೆ ಹೇಗೋ ಹೇಳೋದು? ಒಳಗೇ ಉಲ್ಟಾ ಅಂತ ಎಲ್ಲ ಮನ್ನಿಸಿಬಿಟ್ಟಿದಾಳೆ."

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಪಂಡಿತ ಪಾಸಾದ ಸುದ್ದಿ ಕೇಳಿ ಸಂತೋಷಪಟ್ಟು, ಗಂಡನ ಮುಖ ನೋಡಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಮಾವ ಹಜಾರದಲ್ಲಿ ಕೂತು, ನೆಲ ನೋಡುತ್ತ, ಕಳ್ಳತನ ಒಪ್ಪಿಕೊಳ್ಳುವವರಂತೆ ಹೇಳಿದರು: "ಲೇ, ನಂದು ಎಡಗಡೆನೇ ಅಂತೆ. ಎಲ್ಲರ ಹಾಗೇ."

"ಗೊತ್ತು" ಎಂದರು ಅತ್ತೆ.

"ಗೊತ್ತಾ?"

"ಅಲ್ರೀ, ಇಷ್ಟು ವರ್ಷ ನಿಮ್ಮ ಎದೆ ಮೇಲೆ ತಲೆ ಇಟ್ಟು ಮಲಗಿರೋಳು ನಾನಾ, ಆ ಡಾಕ್ಟ್ರಾ? ಎಲ್ಲಿ ಬಡ್ಕೊಳ್ಳತ್ತೆ ಅಂತ ನಂಗೆ ಬೇರೆಯೋರು ಹೇಳ್ಬೇಕಾ?"

ಮಾವ ತಲೆಯೆತ್ತಿದರು. "ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಮತ್ತೆ ಪೇಪರ್ ಹಿಂದೆ ಹೋಗಿ ಕೂತ್ಕೊಳ್ತಿದ್ರಿ. ಎಷ್ಟು ಕಾಲ ಆಗಿತ್ತು ನೀವು ನನ್ನ ಜೊತೆ ಕೂತು ಮಾತಾಡಿ" ಎಂದರು ಅತ್ತೆ. ಹೇಳುವಾಗ ಅವರ ದನಿ ಸ್ವಲ್ಪ ಬದಲಾಯಿತು. ಪಂಡಿತ ತನಗೆ ಸಂಬಂಧವಿಲ್ಲದವನಂತೆ ಕಿಟಕಿಯ ಹೊರಗೆ ನೋಡಿದ.

ಹೊರಗಿನಿಂದ ಪಕ್ಕದ ಮನೆಯ ಮೇಷ್ಟ್ರು ಬರುತ್ತಿದ್ದರು. ಹಿಂದೆ ಇಬ್ಬರು ಹೊಸಬರು, ಹೃದಯ ನೋಡಲು ಬಂದವರು. ಅತ್ತೆಯ ಮಾತು ಕೇಳಿ ಮಾವನಿಗೆ ಎಲ್ಲಿಲ್ಲದ ಧೈರ್ಯ ಬಂದಿತ್ತು. ಇನ್ನು ಯಾರಿಗೂ ಸುಳ್ಳು ಹೇಳುವುದಿಲ್ಲ ಎಂದು ಎದ್ದು ನಿಂತು ತಾವೇ ಶರಟಿನ ಗುಂಡಿ ಬಿಚ್ಚಿದರು.

"ಬನ್ನಿ ಮೇಷ್ಟ್ರೇ, ಒಳ್ಳೇ ಸಮಯಕ್ಕೆ ಬಂದ್ರಿ. ಇವತ್ತು ಈ ಕಡೆ ಕೈ ಇಡಿ. ಎಡಗಡೆ. ಎಲ್ಲ ನಿಮಗೇ ಗೊತ್ತಾಗತ್ತೆ."

ಮೇಷ್ಟ್ರು ಎಡಗಡೆ ಕೈಯಿಟ್ಟು ಚಾವಣಿ ನೋಡಿದರು. ಅಲ್ಲಿ ಧಡ್ ಧಡ್ ಎಂದು ಬಡಿಯುತ್ತಿತ್ತು. ಬಲಗಡೆಯದನ್ನು ಅವರು ತಮ್ಮ ಕೈಯಾರೆ ಪರೀಕ್ಷಿಸಿ ಬೀದಿಗೆಲ್ಲ ಪ್ರಮಾಣ ಮಾಡಿ ಹೇಳಿದ್ದರು. ಅದನ್ನು ಅನುಮಾನಿಸುವ ಪ್ರಶ್ನೆಯೇ ಇರಲಿಲ್ಲ. ಅವರ ಕಣ್ಣುಗಳು ನಿಧಾನವಾಗಿ ಅಗಲವಾದವು.

"ಇಲ್ಲೂ ಒಂದಿದೆ!" ಎಂದು ಮೇಷ್ಟ್ರು ಕಿರುಚಿದರು. "ಎರಡು! ಎರಡು ಹೃದಯ!"

ಹೊಸಬರನ್ನು ಅಲ್ಲೇ ಬಿಟ್ಟು ಅವರು ಬೀದಿಗೆ ಓಡಿದರು. ಮಾವ ಗಾಬರಿಯಿಂದ, "ಮೇಷ್ಟ್ರೇ, ನಿಲ್ಲಿ, ಹಾಗಲ್ಲ, ಕೇಳಿ ಇಲ್ಲಿ" ಎಂದು ಹಿಂದೆ ಓಡಲು ಹೆಜ್ಜೆ ಎತ್ತಿದರು. ಅತ್ತೆ ಅವರ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರು.

"ಹೋಗ್ಲಿ ಬಿಡ್ರೀ. ಇನ್ನೊಂದಷ್ಟು ದಿನ ಸಿಗತ್ತೆ."